ಗಿರಾಕಿಗಳು ಬರುವ ರವಿವಾರ

ಮನೆ ಮಾರುವ ವಿಚಾರ ನಡೆದಿದೆ ಎಂದು ನನಗೆ ಯಾರೂ ಕೂಡಿಸಿಕೊಂಡು ಹೇಳಲಿಲ್ಲ. ನನಗೆ ಅದರ ಸುಳಿವು ಸಿಕ್ಕಿದ್ದು ಚಪ್ಪಲಿಗಳಿಂದ. ಅಲ್ಲಿಯವರೆಗೆ ಬಾಗಿಲ ಬಳಿ ಒಂದರ ಮೇಲೊಂದು ಬಿದ್ದಿರುತ್ತಿದ್ದ ನಮ್ಮ ಚಪ್ಪಲಿಗಳನ್ನು ಅವ್ವ ಒಂದು ರವಿವಾರ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದಳು, ಗೋಡೆಗುಂಟ ಸಾಲಾಗಿ ಇಟ್ಟಳು, ದೂರ ನಿಂತು ನೋಡಿದಳು, ಆಮೇಲೆ ಏನನಿಸಿತೋ ಎಲ್ಲವನ್ನೂ ಬಾಚಿ ಮಂಚದ ಕೆಳಗೆ ತಳ್ಳಿದಳು. ಒರೆಸಿದ ಮೇಲೆ ಬಚ್ಚಿಡುವುದೇಕೆ, ಬಚ್ಚಿಡುವುದಾದರೆ ಒರೆಸಿದ್ದೇಕೆ ಎಂದು ಕೇಳಿದೆ.

“ಗಿರಾಕಿ ಬರ್ತಾರ. ಸುಮ್ನ ಆ ಚಾದರದ ತುದಿ ಹಿಡಿ.”

ಗಿರಾಕಿ ಎಂದರೆ ನನ್ನ ಪಾಲಿಗೆ ಕಿರಾಣಿ ಅಂಗಡಿಯ ಮುಂದೆ ನಿಲ್ಲುವವರು. ನಮ್ಮ ಮನೆಯಲ್ಲಿ ತೂಗಿ ಕೊಡುವಂಥದ್ದು ಏನೂ ಇರಲಿಲ್ಲ. ಹಾಗಾದರೆ ಅವರು ಬಂದು ಕೊಳ್ಳುವುದು ಏನನ್ನು? ಚಾದರದ ತುದಿ ಹಿಡಿದುಕೊಂಡೇ ನಾನು ಮನೆಯಲ್ಲಿದ್ದ ಒಂದೊಂದೇ ಸಾಮಾನನ್ನು ನೋಡುತ್ತ ಹೋದೆ. ಹೊಲಿಗೆ ಯಂತ್ರವೇ ಇರಬೇಕು ಎಂದುಕೊಂಡೆ. ಇಡೀ ಮನೆ ಎಂಬುದು ತಲೆಗೆ ಹೊಳೆಯಲಿಲ್ಲ. ಮನೆ ಮಾರುವ ವಸ್ತು ಎಂದು ಆ ವಯಸ್ಸಿಗೆ ಹೊಳೆಯುವುದಾದರೂ ಹೇಗೆ?

ಆ ಮನೆ ಜೋಗೇಶ್ವರಿಯಲ್ಲಿ, ರೈಲು ಹಳಿಗಳಿಂದ ತುಸು ಒಳಗೆ, ಒಂದು ಹಳದಿ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿತ್ತು. ಹೊರಗಿನ ಕೋಣೆ, ಅಡಿಗೆಮನೆ, ಅದರ ಮೂಲೆಯಲ್ಲೇ ಸ್ನಾನದ ಮೋರಿ, ರಸ್ತೆಯ ಕಡೆಗೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಗ್ಯಾಲರಿ. ಹಿಂದೆ ತಗಡಿನ ಶೆಡ್ಡುಗಳ ಸಾಲು. ಅಲ್ಲಿ ಹಗಲೆಲ್ಲ ಕಬ್ಬಿಣ ಬಡಿಯುವ ಸದ್ದು. ಆ ಸದ್ದು ನಿಂತರೆ ಅಜ್ಜಿ, “ಇವತ್ತ ಸೂಟಿ ಏನು?” ಎಂದು ಕೇಳುತ್ತಿದ್ದಳು. ಅಪ್ಪ ಪರೇಲ್‌ನ ಒಂದು ಗಿರಣಿಯ ಆಫೀಸಿನಲ್ಲಿ ಕಾರಕೂನ. ಧಾರವಾಡದ ಕಡೆಯಿಂದ ಅವನು ಮೊದಲು ಬಂದ, ಆಮೇಲೆ ಅವ್ವ, ಅವಳ ಹಿಂದೆ ಅಜ್ಜಿ, ಅಜ್ಜಿಯ ಸೆರಗು ಹಿಡಿದು ಅಪ್ಪನ ತಮ್ಮ ವಸಂತಕಾಕಾ. ಅವ್ವ ಮದುವೆಯಾಗಿ ಬಂದಾಗ ಕಾಕಾ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದನಂತೆ. ಅವನ ತಲೆ ಬಾಚಿದವಳು, ಡಬ್ಬಿ ಕಟ್ಟಿದವಳು, ಮಗ್ಗಿ ಒಪ್ಪಿಸಿಕೊಂಡವಳು ಅವಳೇ. ದೊಡ್ಡವನಾದ ಮೇಲೆ ಅವನು ಹಿಂದಿನ ಶೆಡ್ಡುಗಳಲ್ಲೊಂದರಲ್ಲಿ ಬಾಗಿಲ ಕೊಂಡಿ, ಚಿಲಕ ಮಾಡುವ ಕೆಲಸಕ್ಕೆ ಸೇರಿದ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಿದ್ದ. ಮೆಟ್ಟಿಲ ಮೇಲಿಂದಲೇ “ವೈನೀ, ಬಡಸು” ಎಂದು ಅತ್ತಿಗೆಯನ್ನು ಕೂಗುವುದು ಅವನ ರೂಢಿ.

ಒಂದು ದಿನ ಅವನು ಊಟಕ್ಕೆ ಬರಲಿಲ್ಲ. ಸಂಜೆಗೂ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಜಗಳವಾಗಿರಲಿಲ್ಲ, ಶೆಡ್ಡಿನಲ್ಲೂ ಏನೂ ನಡೆದಿರಲಿಲ್ಲ. ಅಪ್ಪ ಸ್ಟೇಶನ್ನುಗಳಲ್ಲಿ, ಆಸ್ಪತ್ರೆಗಳಲ್ಲಿ, ಇನ್ನೂ ನನಗೆ ಹೇಳದ ಕೆಲವು ಜಾಗಗಳಲ್ಲಿ ಹುಡುಕಿ ಬಂದ. ಊರಿಗೆ ಹೋಗಿ ಬಂದ. ಪ್ರತಿ ಸಲ ಬಂದಾಗಲೂ ಅಜ್ಜಿ ಅವನ ಮುಖ ನೋಡುತ್ತಿದ್ದಳು, ಅವ್ವ ಅವನ ಚೀಲ ತೆಗೆದುಕೊಳ್ಳುತ್ತಿದ್ದಳು. ಬರಬರುತ್ತ ಕಾಕಾನ ಹೆಸರು ಹೇಳುವುದೇ ನಿಂತುಹೋಯಿತು. ಶಾಲೆಯಲ್ಲಿ ಟೀಚರ್‌ಬಾಯಿ ನಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ನಾನು ಒಮ್ಮೆ ಐದು, ಒಮ್ಮೆ ನಾಲ್ಕು ಎನ್ನುತ್ತಿದ್ದೆ. ಸತ್ತವರಾದರೆ ಬಿಟ್ಟು ಎಣಿಸಬೇಕು, ಊರಿಗೆ ಹೋದವರಾದರೆ ಹಿಡಿದು ಎಣಿಸಬೇಕು, ಇದು ಯಾವುದು? ಕೇಳಿದರೆ ಅವ್ವ, “ಅಭ್ಯಾಸ ಮಾಡು” ಎನ್ನುತ್ತಿದ್ದಳು. ಅವನ ನೀಲಿ ಗೆರೆಯ ಅಂಗಿ ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಲೇ ಇತ್ತು. ಯಾರೂ ಹಾಕಿಕೊಳ್ಳದ ಆ ಅಂಗಿಯನ್ನು ಅವ್ವ ಆಗಾಗ ಒಗೆದು, ಇಸ್ತ್ರಿ ಮಾಡಿ, ಮತ್ತೆ ಅಲ್ಲೇ ಹಾಕುತ್ತಿದ್ದಳು.

ಇಂಥ ಮನೆಗೆ ಮನಸುಖಭಾಯಿ ಎಂಬ ದಲಾಲ ಬಂದ. ಕೈಯಲ್ಲಿ ಛತ್ರಿ, ಬಾಯಲ್ಲಿ ಪಾನು, ಗೋಡೆಯನ್ನೆಲ್ಲ ಬೆರಳಿನಿಂದ ತಟ್ಟಿ ನೋಡುವ ಚಟ. ಅವನು ಮೊದಲ ದಿನವೇ ಅವ್ವನಿಗೆ ಪಾಠ ಹೇಳಿಕೊಟ್ಟ.

“ಭಾಭೀ, ಘರ್ ಐಸಾ ದಿಖನಾ ಚಾಹಿಯೇ ಜೈಸೇ ಕೋಯೀ ರಹತಾ ಹೀ ನಹೀಂ.”

ಮನೆಯಲ್ಲಿ ಯಾರೂ ಇಲ್ಲದ ಹಾಗೆ ಕಾಣಬೇಕು! ಅವ್ವ ಈ ಮಾತನ್ನು ಅಕ್ಷರಶಃ ಹಿಡಿದಳು. ಶನಿವಾರ ಮಧ್ಯಾಹ್ನದಿಂದಲೇ ಯುದ್ಧ ಸುರುವಾಗುತ್ತಿತ್ತು. ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು, ಮೋರಿಯ ಕಲ್ಲಿಗೆ ಸೋಡಾಪುಡಿ, ಕಿಟಕಿಯ ಸರಳುಗಳಿಗೆ ಎಣ್ಣೆ ಬಟ್ಟೆ. ಉಪ್ಪಿನಕಾಯಿಯ ಭರಣಿಗಳು ಅಟ್ಟ ಸೇರಿದವು. ಹೊರಗಿನ ಕೋಣೆಯಲ್ಲಿ ಅಡ್ಡಕ್ಕೆ ಕಟ್ಟಿದ್ದ ಅರಿವೆ ಹಾಕುವ ಹಗ್ಗ ಬಿಚ್ಚಿಹೋಯಿತು. ಒದ್ದೆ ಬಟ್ಟೆಗಳನ್ನು ಮುದ್ದೆ ಮಾಡಿ ಬಕೆಟ್ಟಿನಲ್ಲಿ ಹಾಕಿ ಪಕ್ಕದ ಮನೆಯ ಮೋರಿಯಲ್ಲಿಟ್ಟು ಬರುವುದು ನನ್ನ ಕೆಲಸ. ಅಪ್ಪ ಗೋಡೆಗೆ ಸುಣ್ಣ ಹೊಡೆಸಿದ. ಆದರೆ ನಾವೆಲ್ಲ ವರ್ಷಗಟ್ಟಲೆ ತಲೆ ಆನಿಸಿ ಕೂತ ಕಡೆ ಎಣ್ಣೆಯ ಕಲೆಗಳು ಎರಡು ದಿನಕ್ಕೇ ಸುಣ್ಣದೊಳಗಿಂದ ಹಳದಿಯಾಗಿ ಮೇಲೆ ಬಂದವು. ಅವ್ವ ಒಂದೊಂದರ ಮುಂದೆ ಒಂದೊಂದು ಸಾಮಾನು ಇಟ್ಟಳು. ಹೀಗಾಗಿ ಟ್ರಂಕು ಕೋಣೆಯ ನಡುವೆ ಬಂತು, ಕುರ್ಚಿ ಬಾಗಿಲಿಗೆ ಅಡ್ಡವಾಯಿತು; ಚೊಕ್ಕ ಮಾಡಿದಷ್ಟೂ ಮನೆ ವಿಚಿತ್ರವಾಗಿ ಕಾಣತೊಡಗಿತು. ರವಿವಾರದ ಊಟ ಹೊತ್ತೇರುವ ಮೊದಲೇ ಮುಗಿಯಬೇಕು, ಒಗ್ಗರಣೆಯ ವಾಸನೆ ಉಳಿಯಬಾರದು. ಹಾಸಿಗೆ ಸುಕ್ಕಾಗುತ್ತದೆಂದು ಮಂಚದ ಮೇಲೆ ಕೂಡುವ ಹಾಗಿಲ್ಲ, ಹೆಜ್ಜೆ ಮೂಡುತ್ತದೆಂದು ಒರೆಸಿದ ನೆಲ ತುಳಿಯುವ ಹಾಗಿಲ್ಲ. ಕೊನೆಗೆ ಅಪ್ಪ, ಅವ್ವ, ನಾನು ಮೂವರೂ ಹೊರಗೆ ಮೆಟ್ಟಿಲ ಮೇಲೆ ಕೂತು ನಮ್ಮದೇ ಮನೆಯನ್ನು ಕಾಯುತ್ತಿದ್ದೆವು. ಹೋಗಿ ಬರುವ ನೆರೆಯವರು, “ಕಾಯ ಝಾಲಂ, ಚಾವೀ ಹರವಲೀ ಕಾ?” ಎಂದು ಕೇಳುತ್ತಿದ್ದರು. ಬೀಗದ ಕೈ ಕಳೆದಿರಲಿಲ್ಲ. ಆದರೆ ಬಾಗಿಲು ತೆರೆದಿದ್ದರೂ ಒಳಗೆ ಹೋಗಲಾಗದ ನಮ್ಮ ಸ್ಥಿತಿಯನ್ನು ಬಿಡಿಸಿ ಹೇಳುವುದು ನಮಗೂ ಬರುತ್ತಿರಲಿಲ್ಲ.

ಅಜ್ಜಿ ಮಾತ್ರ ಒಳಗೇ ಇರುತ್ತಿದ್ದಳು. ಅವಳನ್ನು ಮೆಟ್ಟಿಲ ಮೇಲೆ ಕೂಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮೊದಲ ಗಿರಾಕಿಗಳು ಗುಜರಾತಿ ಗಂಡಹೆಂಡತಿ. ಅವರು ಕೆಳಗೆ ರಿಕ್ಷಾ ಇಳಿಯುವುದನ್ನು ಗ್ಯಾಲರಿಯಿಂದ ನೋಡಿದ ಅಜ್ಜಿ ನನ್ನನ್ನು ಮೆಲ್ಲಗೆ ಒಳಗೆ ಕರೆದು, “ಶಾಲೂ, ಆ ಚಿಂದಿ ಗಂಟು ತಗೊಂಬಾ” ಎಂದಳು. ಅವಳು ಹಳೆಯ ಸೀರೆ, ಧೋತರದ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದಳು. ಗಂಟು ಬಿಚ್ಚಿದ್ದೇ ತಡ, ಅವ್ವನ ಫಳಫಳ ನೆಲದ ತುಂಬ ಚಿಂದಿ ಹರಡಿತು. ಮುಂದಿನ ವಾರ ಬಂದವರಿಗೆ ಒಲೆಯ ಮೇಲೆ ಹಸಿಮೆಣಸಿನಕಾಯಿ ಹುರಿಯುವ ಘಾಟು. ಪಾಪ, ಅವರು ಬಾಗಿಲಿನಿಂದಲೇ ಕೆಮ್ಮುತ್ತ ಇಳಿದುಹೋದರು. ಆಮೇಲೆ ಬಂದ ಒಬ್ಬ ಮರಾಠಿ ಗೃಹಸ್ಥ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಆಶೀರ್ವಾದ ಮಾಡುತ್ತಲೇ ಅವಳು ತನಗೆ ಗೊತ್ತಿದ್ದಷ್ಟು ಮರಾಠಿಯನ್ನೆಲ್ಲ ಕೂಡಿಸಿ ಹೇಳಿದಳು:

“ಬಾಳಾ, ಪಾಣೀ ಯೇತ ನಾಹೀ. ಢೇಕೂಣ ಫಾರ.”

ನೀರು ಚೆನ್ನಾಗಿಯೇ ಬರುತ್ತಿತ್ತು. ತಿಗಣೆಗಳನ್ನೂ ಅವ್ವ ಸೀಮೆಎಣ್ಣೆ ಹಾಕಿ ನಿರ್ವಂಶ ಮಾಡಿದ್ದಳು. ನಾನು ಬೆಳಿಗ್ಗೆ ಅವ್ವನ ಕಡೆಯವಳು, ಮಧ್ಯಾಹ್ನ ಅಜ್ಜಿಯ ಕಡೆಯವಳು. ಇಬ್ಬರೂ ಕೆಲಸ ಹೇಳುತ್ತಿದ್ದರು, ಇಬ್ಬರೂ ಕಾರಣ ಹೇಳುತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ ಗೋರೆಗಾಂವ್‌ನಲ್ಲಿ ಇನ್ನೊಂದು ಕೋಣೆ ಹೆಚ್ಚಿಗೆ ಇರುವ ಮನೆ ಸಿಗುತ್ತದೆ ಎಂದ. ಜನ ಕಡಿಮೆಯಾದ ಮೇಲೆ ಹೆಚ್ಚಿನ ಕೋಣೆ ಏಕೆ ಬೇಕು ಎಂಬುದೂ ನನಗೆ ತಿಳಿಯಲಿಲ್ಲ. ಇಂದಿಗೂ ಮನೆಗೆ ಯಾರಾದರೂ ಬರುತ್ತಾರೆಂದರೆ ನಾನು ಮೊದಲು ಹರಡಿದ್ದನ್ನು ಎತ್ತಿಡುತ್ತೇನೆ, ಆಮೇಲೆ ಎತ್ತಿಟ್ಟಿದ್ದರಲ್ಲಿ ಒಂದಿಷ್ಟನ್ನು ಮತ್ತೆ ಹರಡುತ್ತೇನೆ. ನನ್ನ ಮಕ್ಕಳು ನಗುತ್ತಾರೆ.

ಜಗಳ ಹತ್ತಿದ್ದು ಅಂಗಿಯ ಮೇಲೆ. ಗಿರಾಕಿಗಳ ಕಣ್ಣು ಬಾಗಿಲು ಮುಚ್ಚಿದ ಕೂಡಲೇ ಆ ಅಂಗಿಯ ಮೇಲೆ ಬೀಳುತ್ತದೆ, ಯಾರದು ಎಂದು ಕೇಳುತ್ತಾರೆ, ನೀವು ತಡವರಿಸುತ್ತೀರಿ, ವ್ಯವಹಾರ ಕೆಡುತ್ತದೆ ಎಂದು ಮನಸುಖಭಾಯಿ ಹೇಳಿದ್ದ. ಅವ್ವ ಅಂಗಿಯನ್ನು ಮಡಚಿ ಟ್ರಂಕಿನೊಳಗೆ ಇಟ್ಟಳು. ಅಜ್ಜಿ ತೆಗೆದು ಗೂಟಕ್ಕೆ ಹಾಕಿದಳು. ಅವ್ವ ಮತ್ತೆ ಮಡಚಿದಳು. ಎರಡನೆಯ ಸಲ ಅಜ್ಜಿ ಟ್ರಂಕಿನ ಮುಚ್ಚಳಕ್ಕೆ ಕೈ ಹಾಕಿದಾಗ ಅವ್ವ ಅದರ ಮೇಲೆ ಕೂತುಬಿಟ್ಟಳು. ಹಾಡುಹಗಲು, ಗಿರಾಕಿ ಬರುವ ಹೊತ್ತು, ನೆಲ ಇನ್ನೂ ಒದ್ದೆ.

“ಏಳು ಮ್ಯಾಲೆ,” ಅಂದಳು ಅಜ್ಜಿ. “ಅವಾ ಬಂದ್ರ ಯಾರ ಬಾಗಿಲಾ ತಗೀತಾರ? ಬ್ಯಾರೇದವ್ರು ತಗೀತಾರೇನು? ನನ್ನ ಮಗ ತನ್ನ ಮನೀ ಬಾಗಿಲದಾಗ ನಿಂತು ನಾ ಯಾರು ಅಂತ ಹೇಳಬೇಕೇನು?”

“ಅತ್ತೀ, ದಿನಾ ಮಧ್ಯಾಹ್ನ ಮೆಟ್ಟಲಾ ಸಪ್ಪಳಾದ್ರ ನಾ ಕೈಯಾಗಿನ ಸೌಟು ಬಿಟ್ಟು ಓಡ್ತೇನಿ. ಪೋಸ್ಟಿನವಾ ಇರ್ತಾನ. ಹಾಲಿನವಾ ಇರ್ತಾನ. ನಿಮಗ ಕಾಣೂದಿಲ್ಲ, ನೀವು ಗ್ಯಾಲರಿಯೊಳಗ ಇರ್ತೀರಿ. ಈ ಮನ್ಯಾಗ ಇನ್ನೊಂದು ವರ್ಷ ಇದ್ರ ನನಗ ಹುಚ್ಚು ಹಿಡೀತದ.”

“ನಿನಗೇನು, ಮೈದುನಾ. ನನಗ ಮಗಾ.”

ಅವ್ವ ಟ್ರಂಕಿನ ಮೇಲೆ ಕೂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಜ್ಜಿ ಟ್ರಂಕಿನ ತುದಿಯಲ್ಲಿ ಉಳಿದಿದ್ದ ಜಾಗದಲ್ಲಿ ತಾನೂ ಕೂತಳು. ಇಬ್ಬರೂ ಒಂದೇ ಮನುಷ್ಯನಿಗಾಗಿ ಕಾಯುತ್ತಿದ್ದರು. ಅದೇ ಕಾರಣಕ್ಕೆ ಒಬ್ಬಳಿಗೆ ಹೋಗಬೇಕಾಗಿತ್ತು, ಇನ್ನೊಬ್ಬಳಿಗೆ ಇರಬೇಕಾಗಿತ್ತು. ನಾನು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ. ಯಾರ ಮಾತು ಖರೆ ಎಂದು ಅಂದೂ ತಿಳಿಯಲಿಲ್ಲ, ಈಗ ಅಜ್ಜಿಯ ವಯಸ್ಸಿಗೆ ಹತ್ತಿರ ಬಂದರೂ ತಿಳಿದಿಲ್ಲ.

ಆ ದಿನ ಬರಬೇಕಾದ ಗಿರಾಕಿ ಬರಲಿಲ್ಲ. ಮುಂದಿನ ವಾರ, ಯಾರೂ ನಿರೀಕ್ಷಿಸದ ಬುಧವಾರ, ಲೀಲಾ ಟೀಚರ್ ಮನೆ ನೋಡಲು ಬಂದರು. ಮಂಗಳೂರಿನ ಕಡೆಯವರು, ಮದುವೆಯಾಗಿರಲಿಲ್ಲ, ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು, ಕಾಲೇಜಿಗೆ ಹೋಗುವ ತಂಗಿಯ ಜತೆ ಬಾಡಿಗೆ ಕೋಣೆಯಲ್ಲಿದ್ದರು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. ಹಗ್ಗದ ಮೇಲೆ ಒದ್ದೆ ಬಟ್ಟೆ, ನೆಲದ ಮೇಲೆ ನನ್ನ ಪುಸ್ತಕಗಳು, ಗೋಡೆಯ ಕಲೆಗಳೆಲ್ಲ ಬಯಲಿಗೆ. ಅವ್ವ ನಾಚಿಕೆಯಿಂದ, “ರವಿವಾರ ಬರ್ರಿ, ಛಲೋ ಇರ್ತದ” ಎಂದಳು. ಟೀಚರ್ ನಕ್ಕರು.

“ಪರವಾಗಿಲ್ಲ ಮಾರಾಯ್ರೆ, ನಮ್ಮ ರೂಮು ಇದಕ್ಕಿಂತ ಕಷ್ಟ ಉಂಟು.”

ಅವರು ಬಗ್ಗಿ ಹಗ್ಗದ ಕೆಳಗೆ ದಾಟಿ, ನೀರಿನ ನಲ್ಲಿ ತಿರುಗಿಸಿ, ಕಿಟಕಿ ತೆರೆದು ನೋಡಿದರು. ಬಾಗಿಲ ಹಿಂದಿನ ಅಂಗಿ ನೋಡಿದರು. ಜಗಳದ ನಂತರ ಅದನ್ನು ಗೂಟಕ್ಕೆ ಹಾಕಿದ್ದವಳು ಅವ್ವನೇ. ಯಾರದೆಂದು ಕೇಳಲಿಲ್ಲ. ಅಜ್ಜಿ ಅವರನ್ನೇ ದಿಟ್ಟಿಸುತ್ತಿದ್ದಳು. ಇವಳು ಈಗ ನೀರಿನ ಮಾತು ತೆಗೆಯುತ್ತಾಳೆ, ತಿಗಣೆಯ ಮಾತು ತೆಗೆಯುತ್ತಾಳೆ ಎಂದು ನಾನು ಕಾದೆ. ಅಜ್ಜಿ ಕೇಳಿದ್ದೇ ಬೇರೆ.

“ನೀ ಮಧ್ಯಾಹ್ನ ಮನ್ಯಾಗ ಇರ್ತೀಯೇನವಾ?”

“ಬೆಳಿಗ್ಗೆ ಶಾಲೆ ಅಮ್ಮ. ಮಧ್ಯಾಹ್ನಕ್ಕೆ ಬರ್ತೇನೆ.”

“ಯಾರರೆ ಬಾಗಿಲಾ ಬಡದ್ರ ತಗೀತಿ?”

“ತೆಗೀದೆ ಮತ್ತೆ?”

ಅಜ್ಜಿ ಅವರ ಕೈ ಹಿಡಿದು ಮಂಚದ ಮೇಲೆ ಕೂಡಿಸಿಕೊಂಡಳು. ನಮ್ಮ ಮನೆಯಲ್ಲಿ ಅಷ್ಟು ದಿನ ಯಾರೂ ಆಡದ ಹೆಸರನ್ನು ಒಬ್ಬ ಅಪರಿಚಿತ ಹೆಂಗಸಿನ ಮುಂದೆ ಆಡಿದಳು. ವಸಂತ ಎತ್ತರ ಇದ್ದಾನೆ, ಎಡಗಾಲು ಸ್ವಲ್ಪ ಎಳೆಯುತ್ತಾನೆ, ಮಾತು ಕಡಿಮೆ. ಬಂದರೆ ಮೊದಲು ನೀರು ಕೊಡು, ಎಲ್ಲಿಗೆ ಹೋಗಿದ್ದೆ ಅಂತ ಕೇಳಬೇಡ, ಉಣ್ಣಲಿಕ್ಕೆ ಬಡಿಸು. ಆಮೇಲೆ ನಾವು ಇಂಥಲ್ಲಿ ಇದ್ದೇವೆ ಅಂತ ಹೇಳು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಿದ್ದಳು.

“ಆಯ್ತು ಅಮ್ಮ. ಅವರು ಬಂದ್ರೆ ಊಟ ಮಾಡಿಸದೆ ಕಳಿಸುದಿಲ್ಲ,” ಎಂದರು ಟೀಚರ್.

ಮನಸುಖಭಾಯಿ ತಂದ ಇನ್ನೊಬ್ಬ ಗಿರಾಕಿ ಹೆಚ್ಚಿಗೆ ಕೊಡಲು ತಯಾರಿದ್ದನೆಂದು ಆಮೇಲೆ ಕೇಳಿದೆ. ಅಪ್ಪ ಅವನ ಮಾತನ್ನು ಪೂರ್ತಿ ಕೇಳಲೂ ಇಲ್ಲವಂತೆ. ಮನೆ ಲೀಲಾ ಟೀಚರ್‌ಗೆ ಹೋಯಿತು. ಬಿಡುವ ದಿನ ಖಾಲಿ ಕೋಣೆಯನ್ನು ತೊಳೆಯುತ್ತಿದ್ದ ಅವ್ವನ ಕೈಯಿಂದ ಅಜ್ಜಿ ಪೊರಕೆ ಕಸಿದುಕೊಂಡು, ಸೊಂಟ ನೋಯುತ್ತಿದ್ದರೂ ತಾನೇ ಬಾಗಿಲವರೆಗೆ ಗುಡಿಸಿದಳು. ಆಮೇಲೆ ಲಾರಿಯ ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಹತ್ತಿ ಕೂತಳು. ಹಿಂದೆ ತಿರುಗಿ ನೋಡಲಿಲ್ಲ.

ಗೋರೆಗಾಂವ್‌ನ ಮನೆಯಲ್ಲಿ ನಾವು ಹಳೆಯ ಮಾತು ತೆಗೆಯದೆ ವರ್ಷಗಳನ್ನು ಕಳೆದೆವು. ನಾನು ಕಾಲೇಜು ಸೇರಿದ ಮೇಲೆ ಒಂದು ಮಧ್ಯಾಹ್ನ, ಗೆಳತಿಯ ಮನೆಗೆಂದು ಜೋಗೇಶ್ವರಿಯಲ್ಲಿ ಇಳಿದವಳು, ಯಾಕೋ ಲೀಲಾ ಟೀಚರ್ ಅವರನ್ನು ನೋಡಿಕೊಂಡು ಹೋಗೋಣ ಅನಿಸಿ ಆ ಬಿಲ್ಡಿಂಗಿನ ಮೆಟ್ಟಿಲು ಹತ್ತಿದೆ. ಅವರ ಕೂದಲು ಅಲ್ಲಲ್ಲಿ ನೆರೆತಿತ್ತು. ಗುರುತು ಹಿಡಿದವರೇ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು, ಕೂಡಿಸುವ ಮೊದಲೇ ಕೇಳಿದರು:

“ಅವರು ನಿಮ್ಮಲ್ಲಿಗೆ ಬಂದ್ರಾ?”

“ಯಾರು?”

“ನಿಮ್ಮ ಕಾಕಾ. ಕಳೆದ ಮಳೆಗಾಲದ ಮೊದಲು ಇಲ್ಲಿಗೆ ಬಂದಿದ್ರಲ್ಲ! ನಾನು ಅಡ್ರೆಸ್ಸು ಬರೆದು ಕೊಟ್ಟಿದ್ದೆ. ನಿಮ್ಮಲ್ಲಿಗೆ ಹೋಗಿರ್ಬಹುದು ಅಂತ ನೆಮ್ಮದಿಯಲ್ಲಿದ್ದೆ ನಾನು.”

ಎತ್ತರದ ಒಬ್ಬ ಗಂಡಸು, ಗಡ್ಡ, ಹೆಗಲಲ್ಲಿ ಚೀಲ. ಬಾಗಿಲು ತೆರೆದಾಗ ಏನೂ ಮಾತಾಡದೆ ಒಳಗೆ ನೋಡುತ್ತ ನಿಂತನಂತೆ. ವಸಂತ ಅಂದರೆ ನೀವೇನಾ ಎಂದು ಟೀಚರ್ ಕೇಳಿದರು, ತಲೆ ಆಡಿಸಿದನಂತೆ. ಕಾಲು ಎಳೆಯುತ್ತಿದ್ದನೇ ಎಂದು ಕೇಳಿದೆ. ಅವರು ನೆನಪು ಮಾಡಿಕೊಳ್ಳಲು ನೋಡಿದರು.

“ದಣಿದಿದ್ರು. ದಣಿದವರು ಎಲ್ಲರೂ ಸ್ವಲ್ಪ ಎಳೀತಾರೆ ಅಲ್ವಾ? ನನಗೆ ಹೇಳ್ಲಿಕ್ಕೆ ಆಗುದಿಲ್ಲ.” ಆಮೇಲೆ ಧ್ವನಿ ತಗ್ಗಿಸಿದರು. “ಒಂದು ತಪ್ಪಾಗಿದೆ ನನ್ನಿಂದ. ಅವತ್ತು ಮನೆಯಲ್ಲಿ ಮೀನು ಸಾರು. ನಿಮ್ಮವರು ತಿನ್ನುದಿಲ್ಲ ಅಂತ ಗೊತ್ತಲ್ಲ, ಬೇರೆ ಮಾಡ್ತೇನೆ, ಕೂತ್ಕೊಳ್ಳಿ ಅಂದೆ. ಬೇಡ ಅಂತ ಕೈ ಸನ್ನೆ ಮಾಡಿ ಅದನ್ನೇ ಹಾಕಿಸಿಕೊಂಡು ಉಂಡ್ರು. ಎರಡು ಸಲ ಅನ್ನ ಹಾಕಿಸಿಕೊಂಡ್ರು.”

ನಮ್ಮ ಕಾಕಾ ಮೀನಿನ ಅಂಗಡಿಯ ಮುಂದೆ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದ. ಹಾಗಾದರೆ ಬಂದವನು ಯಾರು? ಹಸಿದ ಯಾವನೋ ಒಬ್ಬ ಹೆಸರು ಕೇಳಿ ತಲೆ ಆಡಿಸಿದನೇ? ಅಥವಾ ಅಷ್ಟು ವರ್ಷ ಎಲ್ಲೆಲ್ಲೋ ಏನೇನೋ ಉಂಡು ಬದಲಾಗಿ ಬಂದ ನಮ್ಮವನೇ? ಅವನೇ ಆಗಿದ್ದರೆ, ಕೈಯಲ್ಲಿ ಅಡ್ರೆಸ್ಸು ಇಟ್ಟುಕೊಂಡೂ ಪಕ್ಕದ ಸ್ಟೇಶನ್ನಿಗೆ ಬರದೇ ಹೋದದ್ದೇಕೆ? ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಏನಾದರೂ ತೀರ್ಮಾನ ಹೇಳುತ್ತೇನೆ ಎಂಬಂತೆ. ನಾನು ಅವರ ಕೈ ಒತ್ತಿ, “ಛಲೋ ಮಾಡಿದ್ರಿ ಟೀಚರ್” ಎಂದಷ್ಟೇ ಹೇಳಿ ಇಳಿದು ಬಂದೆ.

ಮನೆಗೆ ಬಂದು ಅಡಿಗೆಮನೆಯಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಗಡ್ಡ, ಚೀಲ, ಕಾಲಿನ ಅನುಮಾನ, ಮೀನು ಸಾರು, ಯಾವುದನ್ನೂ ಬಿಡಲಿಲ್ಲ. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರದ ಮೇಲೆ ಕೈ ಇಟ್ಟು ಕೇಳಿದಳು. ಅವನೋ ಅಲ್ಲವೋ ಎಂದು ಅವಳು ಚರ್ಚೆ ಮಾಡಲಿಲ್ಲ. ಕೇಳಿದ್ದು ಒಂದೇ.

“ಹೊಟ್ಟಿ ತುಂಬ ಉಂಡನಂತ?”

“ಹೂಂ.”

ಅವಳು ಎದ್ದು, ಕೈ ಒರೆಸಿಕೊಂಡು, ಅಜ್ಜಿಯ ಹಾಸಿಗೆಯ ಹತ್ತಿರ ಹೋದಳು. ಅಜ್ಜಿಗೆ ಆಗ ಕಿವಿ ಮಂದವಾಗಿತ್ತು, ಕಣ್ಣೂ ಅಷ್ಟಕ್ಕಷ್ಟೇ. ಅವ್ವ ಬಗ್ಗಿ, ಒಂದೊಂದೇ ಮಾತು ಬಿಡಿಬಿಡಿಯಾಗಿ ಹೇಳಿದಳು.

“ಅತ್ತೀ, ವಸಂತ ಬಂದಿದ್ನಂತ. ಹಳೇ ಮನೀಗೆ. ಲೀಲಾ ಟೀಚರ್ ಬಾಗಿಲಾ ತಗದ್ರಂತ. ಉಂಡು ಹೋದ್ನಂತ.”

ನಾನು ಬಾಗಿಲಲ್ಲಿ ನಿಂತೆ. ಅಜ್ಜಿ ಅಳಲಿಲ್ಲ. ಎಲ್ಲಿದ್ದಾನೆ, ಹೇಗಿದ್ದಾನೆ, ಇಲ್ಲಿಗೆ ಯಾಕೆ ಬರಲಿಲ್ಲ, ಒಂದನ್ನೂ ಕೇಳಲಿಲ್ಲ. ತುಸು ಹೊತ್ತು ಬಾಯಿ ಆಡಿಸಿ ಅಂದಳು:

“ಏನ ಮಾಡಿದ್ದಳಂತ?”

“ಬಿಸಿ ರೊಟ್ಟಿ. ಝುಣಕಾ,” ಎಂದಳು ಅವ್ವ, ಒಂದು ಗಳಿಗೆಯೂ ತಡೆಯದೆ.

ಅಜ್ಜಿ ಮಸುಕು ಕಣ್ಣುಗಳನ್ನು ಅವ್ವನ ಮುಖದ ಕಡೆ ತಿರುಗಿಸಿದಳು. “ಆಕಿ ಮಂಗಳೂರಾಕಿ. ಆಕೀಗೆಲ್ಲಿಂದ ಬಂತು ರೊಟ್ಟಿ ಬಡಿಲಿಕ್ಕೆ?”

ಅವ್ವ ಅಜ್ಜಿಯ ಹೊದಿಕೆಯನ್ನು ಸರಿಮಾಡುತ್ತ ನಿಂತಳು, ಸರಿಯಾಗಿದ್ದ ಅಂಚನ್ನೇ ಮತ್ತೆ ಮತ್ತೆ ಎಳೆಯುತ್ತ. ಅಜ್ಜಿ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

“ಕಲತಿರಬೇಕು ಬಿಡು,” ಅಂದಳು. “ಅವನ ಸಲುವಾಗಿ ಕಲತಿರಬೇಕು.”